ಎರಡನೇ ಪಾಳಿಯ ಬಿಸಿಲು

ಸೆಪ್ಟೆಂಬರ್ ೧೮

ಅಪ್ಪನಿಗೆ,

ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ನಿನಗೆ ಕೆಮ್ಮು ಹತ್ತುತ್ತದೆ. ತಂಗಿ ಫೋನ್ ಕಿತ್ತುಕೊಂಡು ನನಗೆ ಬೈಯುತ್ತಾಳೆ. ಅದಕ್ಕೇ ಈ ಕಾಗದ. ನೀನೂ ಬರಿ. ನಿನ್ನ ಮುತ್ತಿನಂಥ ಅಕ್ಷರ ನೋಡಿ ಎಷ್ಟು ವರ್ಷವಾಯಿತು!

ಕಾಲೊನಿಯ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿ ಮೂರು ವಾರವಾಯಿತು. ನಾನು ಓದಿದ ಅದೇ ಕಟ್ಟಡ, ಅದೇ ಕಿರುಗುಟ್ಟುವ ಗೇಟು. ನಾವಿದ್ದ ಮನೆಯಲ್ಲಿ ಈಗ ಕ್ರೇನ್ ಓಡಿಸುವವರ ಸಂಸಾರವಿದೆ. ಸಿಮೆಂಟ್ ಕಾರ್ಖಾನೆಯ ಚಿಮಣಿ ಮಾತ್ರ ನಮ್ಮ ಕಾಲದಲ್ಲಿ ಇದ್ದಲ್ಲೇ ನಿಂತು ಎಲ್ಲರ ಮನೆಯೊಳಗೂ ಇಣುಕುತ್ತಿದೆ.

ಏಳನೇ ಕ್ಲಾಸಿಗೆ ಹೋಗಿ "ಸೌರಶಕ್ತಿ ಎಂದರೇನು?" ಅಂದೆ. ಮೂವತ್ತು ಮಕ್ಕಳು ಒಂದೇ ಉಸಿರಿಗೆ ಪುಸ್ತಕದ ವಾಕ್ಯ ಒಪ್ಪಿಸಿದರು. ತಲೆ ಕೆಟ್ಟುಹೋಯಿತು. ಮಾರನೆಯ ದಿನ ಹಳೆಯ ತೋಟದ ದೀಪಗಳ ಸೌರಫಲಕ, ಮುರಿದ ಟೇಪ್‌ರೆಕಾರ್ಡರುಗಳ ಮೋಟಾರು, ಡಬ್ಬಿಯ ಮುಚ್ಚಳ, ಬಾಟಲಿ ಬಿರಡೆ ಎಲ್ಲ ಗುಡ್ಡೆ ಹಾಕಿಕೊಂಡು ಕೂತೆವು. ಈಗ ಬಿಸಿಲನ್ನು ಹುಡುಕಿಕೊಂಡು ಹೋಗುವ ರೋಬೋಗಳನ್ನು ಮಾಡುತ್ತಿದ್ದೇವೆ. ಎಡಗಡೆಯ ಫಲಕದ ತಂತಿ ಬಲಗಡೆಯ ಮೋಟಾರಿಗೆ, ಬಲಗಡೆಯದು ಎಡಕ್ಕೆ. ಎಡಕ್ಕೆ ಬೆಳಕು ಹೆಚ್ಚಾದರೆ ಬಲಚಕ್ರ ಜೋರಾಗಿ ತಿರುಗಿ ಗಾಡಿ ಎಡಕ್ಕೆ ಹೊರಳುತ್ತದೆ. ಅಷ್ಟೇ ಅದರ ಮಿದುಳು.

ಸದಾ ಕೈಗೆ ಗೋಂದು ಮೆತ್ತಿಕೊಂಡೇ ಇರುವ ಹುಡುಗನೊಬ್ಬನಿದ್ದಾನೆ. ಎಲ್ಲರೂ ಅವನನ್ನು ಅಂಟು ಅನ್ನುತ್ತಾರೆ. ಅವನು ತಂತಿಗಳನ್ನು ಅದಲುಬದಲು ಮಾಡಿಬಿಟ್ಟ. ಅವನ ರೋಬೋ ಬಿಸಿಲು ಕಂಡರೆ ತಿರುಗಿ ನೆರಳಿಗೆ ಓಡಿತು. "ನಮ್ಮ ಚಿಕ್ಕಪ್ಪನೇ!" ಅಂದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಒಬ್ಬಳು ಮಾತ್ರ ನಗಲಿಲ್ಲ. "ಅದು ತಪ್ಪು ಯಾಕೆ ಟೀಚರ್? ನೆರಳು ಹುಡುಕೋ ರೋಬೋ ಅದು" ಅಂದಳು. ಮಾತೆತ್ತಿದರೆ ಯಾಕೆ ಅನ್ನುವುದರಿಂದ ಅವಳ ಹೆಸರೇ ಯಾಕಮ್ಮ. ಅವಳಪ್ಪ ಯಾರು ಗೊತ್ತೇ? ನಿನ್ನ ನಂತರ ಚಿಮಣಿಯ ಧೂಳು ಹಿಡಿಯುವ ಫಿಲ್ಟರ್ ಮನೆ ನೋಡಿಕೊಳ್ಳುತ್ತಿರುವ ಉದ್ದಣ್ಣ.

ಮಾತ್ರೆ ಸರಿಯಾಗಿ ತೆಗೆದುಕೋ.

ನಿನ್ನ ದೊಡ್ಡವಳು


ಸೆಪ್ಟೆಂಬರ್ ೨೯

ದೊಡ್ಡವಳಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಮೊಮ್ಮಗ ಕಿತ್ತುಕೊಂಡು ವಿಮಾನ ಮಾಡಿದ. ಆಮ್ಲಜನಕದ ಮಿಷನ್ನು ಪಕ್ಕದಲ್ಲಿ ಗುರ್ ಅನ್ನುತ್ತಿರುತ್ತದೆ. ಅದರ ಕೊಳವೆಯನ್ನು ಅವನು ನನ್ನ ಸೊಂಡಿಲು ಅನ್ನುತ್ತಾನೆ. ನಿನ್ನ ತಂಗಿ ದಿನಕ್ಕೆ ಎರಡು ಸಲ ಉಸಿರಿನ ಲೆಕ್ಕ ತೆಗೆದುಕೊಳ್ಳುತ್ತಾಳೆ. ಆಸ್ಪತ್ರೆಯ ನರ್ಸ್ ಕೆಲಸ ಮನೆಗೂ ಬಂದಿದೆ ನೋಡು.

ಹಳೆಯ ಮೋಟಾರು ಅಂದೆಯಲ್ಲ, ಬಿಚ್ಚಿ ಒಳಗಿನ ತಾಮ್ರದ ಉಂಗುರವನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿಸು. ಅಚ್ಚಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ತೊಟ್ಟು, ಎರಡು ಹಾಕಿದರೆ ಕೆಟ್ಟಿತು. ಸೂಜಿಯ ತುದಿಯಲ್ಲಿ ಹಾಕಬೇಕು.

ಉದ್ದಣ್ಣನ ಮಗಳು ಅಂದದ್ದು ಕೇಳಿ ಖುಷಿಯಾಯಿತು. ಅವನು ಕೆಲಸಕ್ಕೆ ಬಂದ ಮೊದಲ ದಿನ ಫಿಲ್ಟರ್ ಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡು ನನಗೇ "ಕ್ಷಮಿಸಿ" ಎಂದವನು. ಆರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗ.

ಅಪ್ಪ


ನವೆಂಬರ್ ೬

ಅಪ್ಪ,

ನಿನ್ನ ರಬ್ಬರಿನ ಉಪಾಯಕ್ಕೆ ಮಕ್ಕಳು ಸಲಾಮು ಹೊಡೆದಿದ್ದಾರೆ. ಈಗ ಹನ್ನೊಂದು ರೋಬೋಗಳು ಓಡುತ್ತಿವೆ. ಹುಳ ಎಂದು ಕರೆಯುತ್ತಾರೆ. ಅಂಗಳದಲ್ಲಿ ಸುಣ್ಣದಿಂದ ಎರಡು ಗೆರೆ ಎಳೆದು, ಗೆರೆಯಿಂದ ಗೆರೆಗೆ ಎಷ್ಟು ಸೆಕೆಂಡು ಎಂದು ದಿನಾ ಅಳೆಯುತ್ತೇವೆ. ಬರೆದುಕೊಳ್ಳುವ ಜವಾಬ್ದಾರಿ ಯಾಕಮ್ಮನದು.

ಒಂದು ತೊಡಕು ಬಂದಿದೆ. ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತು ಸೆಕೆಂಡಿನಲ್ಲಿ ದಾಟುವ ಹುಳ, ಮಧ್ಯಾಹ್ನ ಮೂರೂವರೆಗೆ ಒಂದು ನಿಮಿಷ ತೆಗೆದುಕೊಳ್ಳುತ್ತದೆ. ಕೆಲವು ನಡುದಾರಿಯಲ್ಲೇ ನಿಂತುಬಿಡುತ್ತವೆ. ಬಿಸಿಲು ಇಳಿಯಿತಲ್ಲ, ಅದಕ್ಕೆ ಎಂದೆ. ಯಾಕಮ್ಮ ಒಪ್ಪಲಿಲ್ಲ. "ಬಿಸಿಲು ನಿಧಾನಕ್ಕೆ ಇಳಿಯುತ್ತೆ ಟೀಚರ್. ಹುಳ ಮಾತ್ರ ಎರಡು ಗಂಟೆ ದಾಟಿದ ಮೇಲೆ ದಬಕ್ಕಂತ ಯಾಕೆ ಸುಸ್ತಾಗುತ್ತೆ?" ಎಂದು ಕೇಳಿ, ಅಂಗಿಯ ತುದಿಯಿಂದ ಒಂದು ಹುಳದ ಬೆನ್ನು ಒರೆಸಿದಳು. ಇಪ್ಪತ್ತಾರು ಸೆಕೆಂಡಿನಲ್ಲಿ ಓಡಿತು! ಅಂಗಿಯ ತುದಿಯಲ್ಲಿ ಬೂದಿಬಣ್ಣದ ಪಟ್ಟೆ ಮೂಡಿತ್ತು.

ಅಂದಿನಿಂದ ದಿನಾ ಎರಡು ಗಾಜಿನ ತಟ್ಟೆ ಇಡುತ್ತಿದ್ದೇವೆ, ಬೆಳಗಿಗೊಂದು, ಎರಡರ ನಂತರಕ್ಕೊಂದು. ಬೆಳಗಿನದು ಹೆಚ್ಚುಕಡಿಮೆ ಸ್ವಚ್ಛ. ಮಧ್ಯಾಹ್ನದ್ದರ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಎರಡು ಗಂಟೆಗೆ ಎರಡನೇ ಪಾಳಿ ಶುರುವಾಗುತ್ತದೆ, ನನಗೂ ಗೊತ್ತು. ನಿನ್ನನ್ನು ಕೇಳಬೇಕಾದ್ದು ಇಷ್ಟೇ. ಫಿಲ್ಟರ್ ನಡೆಯುತ್ತಿದ್ದರೂ ಇಷ್ಟು ಧೂಳು ಹೊರಬರುತ್ತದೆಯೇ? ಅಥವಾ ಅದನ್ನು ಯಾರಾದರೂ ನಿಲ್ಲಿಸಬಹುದೇ?

ನಿನ್ನ ದೊಡ್ಡವಳು


ನವೆಂಬರ್ ೧೭

ದೊಡ್ಡವಳಿಗೆ,

ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಮೊಮ್ಮಗನ ಮುಂದಿನ ಹಲ್ಲು ಬಿದ್ದಿದೆ, ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಕಂಡಕಂಡವರಿಗೆಲ್ಲ ತೋರಿಸುತ್ತಾನೆ. ನಿನ್ನ ತಂಗಿಗೆ ಈ ವಾರ ಬೆಳಗಿನ ಡ್ಯೂಟಿ.

ಹುಳಗಳ ಚಕ್ರಕ್ಕೆ ಬಾಟಲಿ ಬಿರಡೆ ಹಾಕಿದ್ದೀರಿ ಅಂದೆ. ಅದರ ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಉಂಗುರದ ಹಾಗೆ ತೊಡಿಸಿದರೆ ಜಾರುವುದಿಲ್ಲ. ಸಣ್ಣ ಫಲಕ ಎರಡಿದ್ದರೆ ಸಾಲಾಗಿ ಜೋಡಿಸಿ ನೋಡು, ಮೋಟಾರು ಬೇಗ ಎದ್ದೇಳುತ್ತದೆ. ಬೆಸುಗೆ ಹಾಕುವಾಗ ಮಕ್ಕಳಿಗೆ ಕನ್ನಡಕ ಕಡ್ಡಾಯ.

ಚಳಿ ಶುರುವಾಗುತ್ತಿದೆ. ಬೆಚ್ಚಗಿರು.

ಅಪ್ಪ


ಡಿಸೆಂಬರ್ ೪

ಅಪ್ಪ,

ರಬ್ಬರ್ ಉಂಗುರ ಹಾಕಿಸಿದೆ, ಚೆನ್ನಾಗಿ ಓಡುತ್ತಿವೆ. ನಾನು ಕೇಳಿದ್ದಕ್ಕೆ ಮಾತ್ರ ನೀನು ಉತ್ತರ ಬರೆಯಲಿಲ್ಲ.

ಕಳೆದ ವಾರ ಕಾರ್ಖಾನೆಗೆ ತಪಾಸಣೆಯವರು ಬಂದಿದ್ದರು. ಎರಡು ದಿನ ಮೊದಲೇ ರಸ್ತೆಯ ಅಂಚಿಗೆಲ್ಲ ಸುಣ್ಣ ಬಳಿದಿದ್ದರು, ಗಿಡಗಳ ಎಲೆಗಳನ್ನು ಪೈಪಿನಿಂದ ತೊಳೆದಿದ್ದರು. ಅವತ್ತು ಮೂರೂವರೆಗೆ ಹುಳ ಇಪ್ಪತ್ಮೂರು ಸೆಕೆಂಡಿನಲ್ಲಿ ಓಡಿತು. ಮಧ್ಯಾಹ್ನದ ತಟ್ಟೆ ಬೆಳಗಿನ ತಟ್ಟೆಯಷ್ಟೇ ಶುಭ್ರ. ನಲವತ್ತು ದಿನಗಳ ಪಟ್ಟಿಯಲ್ಲಿ ಕೆಲಸದ ದಿನವಾಗಿಯೂ ಧೂಳಿಲ್ಲದ್ದು ಅದೊಂದೇ. ಯಾಕಮ್ಮ ಆ ದಿನದ ಚೌಕದಲ್ಲಿ "ಇವತ್ತು ಯಾಕೆ ಇಲ್ಲ?" ಎಂದು ಬರೆದಿದ್ದಾಳೆ.

ಅದನ್ನೇ ಅವಳು ಮನೆಯಲ್ಲಿ ಅಪ್ಪನನ್ನು ಕೇಳಿದಳಂತೆ. "ಅಪ್ಪ ಅರ್ಧ ಊಟದಲ್ಲಿ ತಟ್ಟೆ ಬಿಟ್ಟು ಎದ್ದುಹೋದ್ರು ಟೀಚರ್" ಅಂದಳು. "ನಾನು ಕೇಳಬಾರದಿತ್ತಾ?"

ಕೇಳಬೇಕು ಎಂದೇ ಅಲ್ಲವೇ ನಾನು ದಿನವೂ ಕಲಿಸುವುದು? ಏನು ಹೇಳಲಿ ಅವಳಿಗೆ? ಜನವರಿಯಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನವಿದೆ. ಆ ಪಟ್ಟಿಯನ್ನು ತೂಗುಹಾಕಬೇಕೆಂದು ಮಕ್ಕಳು ಕುಣಿಯುತ್ತಿದ್ದಾರೆ.

ನಿನ್ನ ದೊಡ್ಡವಳು


ಡಿಸೆಂಬರ್ ೧೦

ದೊಡ್ಡವಳಿಗೆ,

ಆಟಿಕೆ ಆಟಿಕೆಯಾಗಿರಲಿ. ಮಕ್ಕಳು ಹುಳ ಓಡಿಸಲಿ, ಸಂತೋಷಪಡಲಿ. ಪಟ್ಟಿ ಗಿಟ್ಟಿ ತೂಗುಹಾಕುವ ಉಸಾಬರಿ ಬೇಡ. ಇದು ನಿನಗೆ ಹೇಳುತ್ತಿರುವುದು, ಕೇಳುತ್ತಿರುವುದಲ್ಲ.

ಅಪ್ಪ


ಜನವರಿ ೨೧

ಅಪ್ಪ,

ನಿನ್ನ ಮಾತು ಮೀರಿದೆ.

ಸುಳ್ಳು ಹೇಳುವುದಿಲ್ಲ, ಕೊನೆಯ ದಿನ ಆ ಪಟ್ಟಿಯನ್ನು ಸುತ್ತಿ ಬೀರುವಿನಲ್ಲಿ ಇಟ್ಟಿದ್ದೆ. ಹೆಡ್ ಮೇಡಂ ನೋಡಿ, "ಗೋಡೆ ಬೋಳುಬೋಳಾಗಿ ಕಾಣುತ್ತಲ್ಲ, ಹಾಕಿ. ಮಕ್ಕಳ ಲೆಕ್ಕ, ಯಾರು ಓದ್ತಾರೆ?" ಅಂದರು. ಹಾಕಿದೆ. ನನಗೂ ಅದು ಬೇಕಿತ್ತೇನೋ.

ಕಾರ್ಖಾನೆಯ ಮ್ಯಾನೇಜರ್ ಮುಖ್ಯ ಅತಿಥಿ. ಹುಳಗಳ ಓಟ ನೋಡಿ ಮಗುವಿನ ಹಾಗೆ ಚಪ್ಪಾಳೆ ಹೊಡೆದರು. ಆಮೇಲೆ ಪಟ್ಟಿಯ ಮುಂದೆ ನಿಂತರು, ಒಂದು ಮಂಡಿ ಊರಿ ಯಾಕಮ್ಮನ ಎತ್ತರಕ್ಕೆ ಬಂದರು.

"ಇದೇನಮ್ಮ, ಹೇಳು ನೋಡೋಣ."

ಹೇಳಿದಳು. ಒಂದೂ ತೊದಲಲಿಲ್ಲ. ಗೆರೆ, ಸೆಕೆಂಡು, ಒರೆಸಿದ ಮೇಲೆ ಎಷ್ಟು, ಒರೆಸದಿದ್ದರೆ ಎಷ್ಟು.

"ಸರಿ, ಈ ಒಂದು ದಿನ ಮಾತ್ರ ಯಾಕೆ ಧೂಳಿಲ್ಲ?"

"ಅದು ತಪಾಸಣೆ ದಿನ ಸರ್."

ಸಭಾಂಗಣದಲ್ಲಿ ಇನ್ನೂರು ಜನ, ಎಲ್ಲರೂ ಕಾರ್ಖಾನೆಯ ಸಂಬಳದವರು. ಮ್ಯಾನೇಜರ್ ಎದ್ದು ನಿಂತು, ಮಂಡಿಯ ಧೂಳು ಕೊಡವಿಕೊಂಡು, ಎಲ್ಲರಿಗಿಂತ ಮೊದಲು ತಾವೇ ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ಅವಳಿಗೇ. ಉದ್ದಣ್ಣ ಹಿಂದಿನ ಬಾಗಿಲಿನ ಹತ್ತಿರ ಕೈ ಹಿಂದೆ ಕಟ್ಟಿ ನಿಂತಿದ್ದ. ಮಗಳು ಬಹುಮಾನ ಎತ್ತಿ ತೋರಿಸಿದಳು. ಅವನು ನಕ್ಕ. ಅಂಥ ನಗು ನಾನು ನೋಡಿಲ್ಲ ಅಪ್ಪ, ಮುಖ ಅಳುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು.

ಏನಾದರೂ ಬರಿ.

ನಿನ್ನ ದೊಡ್ಡವಳು


ಫೆಬ್ರವರಿ ೩

ಅಪ್ಪ,

ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತಿದ್ದೇನೆ.

ಪ್ರದರ್ಶನವಾದ ಐದನೆಯ ದಿನ ಗೇಟಿನ ಫಲಕದಲ್ಲಿ ಪ್ರಕಟಣೆ ಹಾಕಿದರು. "ನಮ್ಮ ಮಕ್ಕಳು ನಮ್ಮ ಕಣ್ಣು ತೆರೆಸಿದ್ದಾರೆ. ಫಿಲ್ಟರ್ ನಿರ್ವಾಹಕನು ಸ್ವಂತ ಇಚ್ಛೆಯಿಂದ ಯಂತ್ರ ನಿಲ್ಲಿಸುತ್ತಿದ್ದುದು ಬೆಳಕಿಗೆ ಬಂದಿದ್ದು, ವಿಚಾರಣೆ ಮುಗಿಯುವವರೆಗೆ ಅವನನ್ನು ಕೆಲಸದಿಂದ ದೂರವಿಡಲಾಗಿದೆ." ಸ್ವಂತ ಇಚ್ಛೆ! ಮೇಲಿನವರು ಬಾಯಲ್ಲಿ ಹೇಳದೆ ಉದ್ದಣ್ಣ ಒಂದು ಬಲ್ಬನ್ನಾದರೂ ಆರಿಸುವವನೇ?

ಮೊನ್ನೆ ಸಂಜೆ ಅವನ ಹೆಂಡತಿ ಮಗಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. "ಇವಳು ಬರೆದಿದ್ದೆಲ್ಲ ತಪ್ಪು ಅಂತ ಒಂದು ಚೀಟಿ ಬರೆಸಿಕೊಡಿ ಟೀಚರ್. ನಿಮ್ಮ ಸಹಿನೂ ಹಾಕಿ. ಧೂಳೇ ಇರಲಿಲ್ಲ ಅಂದ್ರೆ ಅವರೇನು ತಪ್ಪು ಮಾಡಿದ ಹಾಗಾಯ್ತು?" ಎಂದರು. ನನಗೂ ಬೇರೆ ದಾರಿ ತೋಚಲಿಲ್ಲ. ಯಾಕಮ್ಮನಿಗೆ ಹಾಳೆ ಕೊಟ್ಟೆ.

"ಆದ್ರೆ ತಪ್ಪಿಲ್ವಲ್ಲ ಟೀಚರ್?"

"ತಪ್ಪಿತ್ತು ಪುಟ್ಟಿ. ನಾನು ಆಮೇಲೆ ನೋಡಿದೆ. ಬರಿ" ಎಂದೆ.

ನಾನು ಹೇಳಿದೆ, ಅವಳು ಬರೆದಳು. "ನಮ್ಮ ಅಳತೆ ತಪ್ಪಾಗಿತ್ತು." ಅಳತೆಯ ಳ ಸರಿಯಾಗಿ ಬಂದಿದೆಯಾ ಎಂದು ಕೇಳಿದಳು. ಸರಿಯಾಗಿತ್ತು. ಕೆಳಗೆ ನಾನು ಸಹಿ ಹಾಕಿದೆ.

ಅಪ್ಪ, ಈ ವಿಚಾರಣೆಯಲ್ಲಿ ಆ ಬಾಯಿಮಾತಿನ ಆಜ್ಞೆ ಹಳೆಯದು ಎಂದು ಹೇಳಬಲ್ಲವನು ನೀನೊಬ್ಬನೇ. ಅವನಿಗೆ ಕೆಲಸ ಕಲಿಸಿದವನು ನೀನು. ನಿನ್ನ ಕಾಲದಲ್ಲೂ ಹೀಗೇ ಇತ್ತೇ? ಇತ್ತು ಎಂದಾದರೆ ಒಂದು ಹಾಳೆಯಲ್ಲಿ ಬರೆದುಕೊಡು. ಕೈ ಮುಗಿದು ಕೇಳುತ್ತೇನೆ.

ನಿನ್ನ ದೊಡ್ಡವಳು


ಫೆಬ್ರವರಿ ೧೧

ದೊಡ್ಡವಳಿಗೆ,

ನಾಲ್ಕು ಸಲ ಕೂತು ಬರೆದು ಹರಿದೆ. ಇದು ಐದನೆಯದು.

ಇತ್ತು. ನಾನು ಫಿಲ್ಟರ್ ಮನೆಯ ಜವಾಬ್ದಾರಿ ವಹಿಸಿಕೊಂಡ ವರ್ಷದಿಂದಲೂ ಇತ್ತು. ಎರಡನೇ ಪಾಳಿಯಲ್ಲಿ ಎರಡೂ ಗಿರಣಿ ಒಟ್ಟಿಗೆ ಓಡುತ್ತವೆ, ಫಿಲ್ಟರ್ ಬೇರೆ ಕರೆಂಟು ಕುಡಿಯುತ್ತದೆ, ಅದನ್ನು ಉಳಿಸಬೇಕು. ಪಾಳಿಯ ಅಧಿಕಾರಿ ಬಾಗಿಲಲ್ಲಿ ನಿಂತು ಎರಡು ಬೆರಳು ಕೆಳಗೆ ಮಾಡಿ ತೋರಿಸುತ್ತಿದ್ದ. ಬಾಯಲ್ಲೂ ಹೇಳುತ್ತಿರಲಿಲ್ಲ. ನಾನು ಸ್ವಿಚ್ಚು ಇಳಿಸುತ್ತಿದ್ದೆ. ಗಂಟೆಗೊಮ್ಮೆ ದಾಖಲೆ ಪುಸ್ತಕದಲ್ಲಿ "ಚಾಲ್ತಿಯಲ್ಲಿದೆ" ಎಂದು ಬರೆಯಬೇಕಿತ್ತು. ನೀನು ಹೊಗಳುವ ಇದೇ ಅಕ್ಷರದಲ್ಲಿ ಹತ್ತೊಂಬತ್ತು ವರ್ಷ ಬರೆದೆ. ಉದ್ದಣ್ಣನಿಗೆ ಆ ಎರಡು ಬೆರಳಿನ ಅರ್ಥ ಹೇಳಿಕೊಟ್ಟವನೂ ನಾನೇ.

ನಿನ್ನ ಅಮ್ಮ ಸಂಜೆ ನಾಲ್ಕಕ್ಕೆ ಮಹಡಿಗೆ ಹೋಗಿ ಬಟ್ಟೆ ಕೊಡವಿ ತರುತ್ತಿದ್ದಳು. ಎರಡು ಗಂಟೆಯೊಳಗೆ ತಂದುಬಿಡು ಎಂದು ಒಂದು ದಿನ ಹೇಳಿದೆ. ಯಾಕೆಂದು ಹೇಳಲಿಲ್ಲ. ಬಿಸಿಲಿಗೆ ಬಣ್ಣ ಮಾಸುತ್ತದೆ ಎಂಬ ನನ್ನ ಜಿಪುಣತನ ಇದು ಎಂದುಕೊಂಡು ನಕ್ಕಳು. ಕೆಲವು ದಿನ ತಂದಳು, ಆಮೇಲೆ ಮರೆತಳು. ನಾನು ಮತ್ತೆ ಹೇಳಲಿಲ್ಲ. ಕೊನೆಗೆ ಅವಳನ್ನೇ ಕೊಂಡೊಯ್ದ ಕೆಮ್ಮು ಶುರುವಾದಾಗ ಡಾಕ್ಟರು ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವೇ.

ಬರೆದುಕೊಡು ಅನ್ನುತ್ತೀಯ. ಈ ಮಿಷನ್ನು, ಇದರ ಕೊಳವೆ, ಮಾತ್ರೆ, ಎಲ್ಲ ಕಾರ್ಖಾನೆಯ ಕಂಪನಿ ಈ ಊರಿನಲ್ಲಿ ನಡೆಸುವ ಆಸ್ಪತ್ರೆಯದು. ನಿನ್ನ ತಂಗಿಯ ಕೆಲಸವೂ ಅಲ್ಲಿಯೇ. ಅವಳು ಇಲ್ಲಿ ಪಕ್ಕದಲ್ಲೇ ಕೂತು ಮಗನಿಗೆ ಬೂಟು ಹಾಕುತ್ತಿದ್ದಾಳೆ, ನಾನು ಏನು ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ.

ಆಗುವುದಿಲ್ಲ ಮಗಳೇ. ನನ್ನಿಂದ ಆಗುವುದಿಲ್ಲ.

ಅಪ್ಪ


ಮಾರ್ಚ್ ೨

ಅಪ್ಪ,

ನಿನ್ನ ಕಾಗದ ತಲುಪಿತು. ಅಮ್ಮನ ವಿಷಯ ಈಗ ಬರೆಯಲಾರೆ.

ವಿಚಾರಣೆ ಮುಗಿಯಿತು. ಆದೇಶವನ್ನು ಉದ್ದಣ್ಣ ತಂದು ತೋರಿಸಿದ. ಮಕ್ಕಳ ಅಳತೆ ತಪ್ಪೆಂದು ಶಾಲೆಯೇ ಲಿಖಿತವಾಗಿ ಒಪ್ಪಿರುವುದರಿಂದ ಕಾರ್ಖಾನೆಯಿಂದ ಧೂಳು ಬಿದ್ದದ್ದಕ್ಕೆ ಆಧಾರವಿಲ್ಲವಂತೆ. ಆದರೆ ಯಂತ್ರ ನಿಲ್ಲಿಸಿದ್ದು ಹೌದೆಂದು ನೌಕರನೇ ಒಪ್ಪಿರುವುದರಿಂದ ಅವನು ತಪ್ಪಿತಸ್ಥನಂತೆ. ಎರಡೂ ಒಂದೇ ಪುಟದಲ್ಲಿವೆ. ನನ್ನ ಸಹಿಯ ಚೀಟಿ ಅವರಿಗೆ ಉಪಯೋಗಕ್ಕೆ ಬಂತು, ಅವನಿಗಲ್ಲ.

ವಾರದೊಳಗೆ ಮನೆ ಖಾಲಿ ಮಾಡಬೇಕಿತ್ತು. ಸಾಮಾನು ಏರಿಸುವಾಗ ನಾನು ಹೋಗಿದ್ದೆ. ಕಾಲೊನಿಯವರು ಕಿಟಕಿಯ ಪರದೆ ಸರಿಸಿ ನೋಡಿದರು, ಬಾಗಿಲು ತೆಗೆಯಲಿಲ್ಲ. ಯಾಕಮ್ಮ ಲಾರಿಯ ಮುಂದುಗಡೆ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದಳು. ಕೈ ಬೀಸಿದೆ. ತಮ್ಮನ ಕೈ ಹಿಡಿದು ಅವನಿಂದ ಬೀಸಿಸಿದಳು.

ಇನ್ನೊಂದು ಸುದ್ದಿ. ಕಾರ್ಖಾನೆ ಶಾಲೆಗೆ ಇಪ್ಪತ್ತು ಪೆಟ್ಟಿಗೆ ರೋಬೋ ಆಟಿಕೆ ಉಡುಗೊರೆ ಕೊಟ್ಟಿದೆ. ಹೊಳೆಯುವ ಪ್ಲಾಸ್ಟಿಕ್, ಬ್ಯಾಟರಿಯಿಂದ ಓಡುತ್ತವೆ. ಬಿಸಿಲೇ ಬೇಡ. ಒಳಗೆ ಸಭಾಂಗಣದಲ್ಲೇ ಆಡಿಸಬೇಕೆಂದು ಹೆಡ್ ಮೇಡಂ ಹೇಳಿದ್ದಾರೆ. ಮಕ್ಕಳಿಗೆ ಎಷ್ಟು ಖುಷಿ! ಅಂಟುವಿನ ಕೈಗಳು ಮೊದಲ ಸಲ ಶುಭ್ರವಾಗಿವೆ. ಅವರು ನಗುವಾಗ ನಾನೂ ನಗುತ್ತೇನೆ. ಮಧ್ಯಾಹ್ನದ ಧೂಳು ಎಂದಿನಂತೆ ಬೀಳುತ್ತಿದೆ. ಯಾರೂ ಅಳೆಯುತ್ತಿಲ್ಲ.

ನಿನ್ನ ದೊಡ್ಡವಳು


ಮಾರ್ಚ್ ೧೬

ಅಕ್ಕ,

ನಿನಗೆ ಸಮಾಧಾನವಾಯಿತೇ?

ನಿನ್ನೆ ನಾನು ಡ್ಯೂಟಿಗೆ ಹೋದ ಮೇಲೆ ಅಪ್ಪ ಯಾರಿಗೂ ಹೇಳದೆ ಒಬ್ಬರೇ ಬಸ್ಸು ಹತ್ತಿ ಕಂಪನಿಯ ಮುಖ್ಯ ಕಚೇರಿಗೆ ಹೋಗಿದ್ದಾರೆ. ಎರಡೂವರೆ ಗಂಟೆಯ ದಾರಿ, ಚಿಕ್ಕ ಸಿಲಿಂಡರನ್ನು ಮಗನ ಶಾಲೆಯ ಚೀಲದಲ್ಲಿ ಹಾಕಿಕೊಂಡು! ನಾನು ಮನೆಗೆ ಬಂದರೆ ಗುರ್ ಅನ್ನುವ ಸದ್ದಿಲ್ಲ.

ಸಂಜೆ ಕಂಪನಿಯ ಕಾರಿನಲ್ಲೇ ಬಿಟ್ಟುಹೋದರು. ಚೀಲದಲ್ಲಿ ಮೂರು ಪುಟದ ಹೇಳಿಕೆ ಇತ್ತು, ಓದಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಏನೂ ಗೊತ್ತಿರಲಿಲ್ಲ ಅಕ್ಕ. ಬೇಸಿನ್ನಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಲ್ಲಿ ಏನಾಯಿತು ಎಂದು ಕೇಳಿದೆ. "ಏನೂ ಆಗಲಿಲ್ಲ" ಅಂದರು. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂರಿಸಿದ್ದರಂತೆ. ಮಧ್ಯಾಹ್ನ ಒಬ್ಬ ಎಳೆಯ ಅಧಿಕಾರಿ ಬಂದು, ನಿಂತುಕೊಂಡೇ ಓದಿ, "ತಾತ, ಆ ಕಡತ ಮುಚ್ಚಿದೆ. ನಿಮ್ಮ ಕಾಲದ ಅಧಿಕಾರಿಗಳು ಈಗ ಯಾರೂ ಇಲ್ಲ. ಇದನ್ನು ಇಟ್ಟುಕೊಂಡು ನಾವೇನು ಮಾಡೋದು?" ಎಂದು ವಾಪಸು ಕೊಟ್ಟನಂತೆ. ನೀರು ಕೊಟ್ಟನಂತೆ. ಕಾರಿಗೂ ಅವನೇ ಹೇಳಿದನಂತೆ. ಮಿಷನ್ನು ಕಿತ್ತುಕೊಳ್ಳುತ್ತಾರೆ, ನನ್ನ ಕೆಲಸ ತೆಗೆಯುತ್ತಾರೆ ಎಂದೆಲ್ಲ ಅಪ್ಪ ಹೆದರಿದ್ದರು. ಯಾರೂ ಕೋಪ ಕೂಡ ಮಾಡಿಕೊಳ್ಳಲಿಲ್ಲ.

"ಇಷ್ಟೇ ಆಗೋದು ಅಂತ ಗೊತ್ತಿದ್ರೆ ಆಗಲೇ ಹೇಳಿಬಿಡ್ತಿದ್ನಲ್ಲೇ" ಅಂದರು. ಒಂದೇ ಸಲ. ಆಮೇಲೆ ಗೋಡೆ ಕಡೆ ಹೊರಳಿ ಮಲಗಿದರು. ಜ್ವರ ಇದೆ. ಭಾನುವಾರ ಬಾ. ಬೈಯುವುದಿಲ್ಲ.

ಚಿಕ್ಕವಳು


ಏಪ್ರಿಲ್ ೨೦

ಅಪ್ಪ,

ನಿನ್ನ ಪಕ್ಕದಲ್ಲಿ ಮೂರು ದಿನ ಕೂತಿದ್ದರೂ ನಾವಿಬ್ಬರೂ ಹವಾಮಾನದ ವಿಷಯವನ್ನೇ ಆಡಿದೆವು. ಕಾಗದದಲ್ಲೇ ನಮಗೆ ಧೈರ್ಯ.

ಉದ್ದಣ್ಣನ ಮನೆ ಹುಡುಕಿಕೊಂಡು ಹೋಗಿದ್ದೆ. ದೊಡ್ಡ ಪಟ್ಟಣ, ಟೈರ್ ಅಂಗಡಿಯ ಮೇಲೆ ಒಂದೇ ಕೋಣೆ, ಮೆಟ್ಟಿಲಿಗೆ ಕಂಬಿಯಿಲ್ಲ. ಅವನು ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಎತ್ತರ ಇರುವುದರಿಂದ ಮೇಲಿನ ಸಾಲಿಗೆ ಮೂಟೆ ಏರಿಸುವ ಕೆಲಸ ಅವನಿಗೇ ಹಾಕುತ್ತಾರಂತೆ. ನಿನ್ನ ಆರೋಗ್ಯ ಕೇಳಿದ. ನೀನು ಕಚೇರಿಗೆ ಹೋದದ್ದನ್ನು ಹೇಳಿದೆ. "ಅವರು ಅಷ್ಟು ದೂರ ಹೋಗಬಾರದಿತ್ತು, ಉಸಿರಿಲ್ಲದವರು" ಎಂದ, ಅಷ್ಟೇ.

ಯಾಕಮ್ಮ ನೀರು ತಂದುಕೊಟ್ಟಳು. ಒಂದು ಗೇಣು ಬೆಳೆದ ಹಾಗೆ ಕಂಡಳು. ಅವಳಪ್ಪ ಕೆಲಸಕ್ಕೆ ಹೊರಟ ಮೇಲೆ ಹಾಸಿಗೆಯ ಕೆಳಗಿನಿಂದ ಆ ನೋಟುಪುಸ್ತಕ ತೆಗೆದಳು. ನಲವತ್ತು ದಿನದ ಲೆಕ್ಕ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಪೆನ್ಸಿಲಿನ ಸಣ್ಣ ಗುರುತು.

"ಎಲ್ಲಿ ತಪ್ಪಿದೆ ಅಂತ ಮೂರು ಸಲ ನೋಡಿದೆ ಟೀಚರ್, ಸಿಗಲಿಲ್ಲ. ಗಡಿಯಾರ ನಿಧಾನ ಇತ್ತೇನೋ ಅಲ್ವಾ? ನೀವು ಎಲ್ಲಿ ನೋಡಿದ್ರಿ ತಪ್ಪನ್ನ?"

ನಾನು ಬಾಯಿ ತೆರೆದೆ. ಅವಳ ಹಿಂದೆ ತಾಯಿ ನಿಂತು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ಮೆಟ್ಟಿಲವರೆಗೆ ಬಿಡಲು ಬಂದಾಗ ಹೇಳಿದರು. "ತಪ್ಪು ಅಂತಲೇ ಇರಲಿ ಟೀಚರ್. ತಪ್ಪಾದರೆ ಮಕ್ಕಳ ತಪ್ಪು, ಮರೀತಾಳೆ. ಸರಿ ಅಂತ ಗೊತ್ತಾದರೆ ಅಪ್ಪನ ಕೆಲಸ ತನ್ನಿಂದಲೇ ಹೋಯ್ತು ಅಂತ ಎದೆಗೆ ಹಚ್ಚಿಕೊಂಡು ಕೂತ್ಕೋತಾಳೆ."

ಅವರ ಮಾತು ಸರಿಯೋ ನನಗೆ ಗೊತ್ತಿಲ್ಲ. ಗಡಿಯಾರ ನಿಧಾನ ಇತ್ತು ಎಂದು ಆ ಮಗುವಿಗೆ ಹೇಳಿ ಬಂದೆ ಅಪ್ಪ. ಟೀಚರ್ ಎಂದು ಯಾರಾದರೂ ಕರೆದರೆ ಈಗ ತಿರುಗಿ ನೋಡಲು ನಾಚಿಕೆಯಾಗುತ್ತದೆ.

ಅವರ ವಿಳಾಸ ಈ ಹಾಳೆಯ ಹಿಂದೆ ಇದೆ. ಯಾಕೆ ಬರೆದೆನೋ ತಿಳಿಯದು.

ನಿನ್ನ ದೊಡ್ಡವಳು


ಮೇ ೧

ಪುಟ್ಟಿಗೆ,

ನಾನು ನಿನ್ನ ಟೀಚರ ಅಪ್ಪ. ನಿನ್ನ ಅಪ್ಪನಿಗಿಂತ ಮೊದಲು ಫಿಲ್ಟರ್ ಮನೆಯಲ್ಲಿದ್ದವನು. ಈ ಕಾಗದವನ್ನು ಮೊದಲು ನಿನ್ನ ತಾಯಿ ಓದಲಿ. ನಿನಗೆ ಕೊಡುವುದು ಬೇಡ ಎಂದು ಅನಿಸಿದರೆ ಕೊಡದಿರಲಿ, ನನಗೆ ಬೇಸರವಿಲ್ಲ.

ಒಣಗಿದ ತಲೆಗೂದಲನ್ನು ಬಾಚಿ ಆ ಬಾಚಣಿಗೆಯನ್ನು ಕಾಗದದ ಚೂರುಗಳ ಹತ್ತಿರ ಹಿಡಿದು ನೋಡು. ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವೆ. ಫಿಲ್ಟರ್ ಮಾಡುವುದೂ ಅಷ್ಟೇ. ಮನೆಯಷ್ಟು ಎತ್ತರದ ತಗಡುಗಳು, ನಡುವೆ ತಂತಿಗಳು. ಕರೆಂಟು ಹರಿದರೆ ಹೊಗೆಯಲ್ಲಿರುವ ಧೂಳು ತಗಡಿಗೆ ಅಂಟುತ್ತದೆ. ಸುತ್ತಿಗೆಗಳು ತಗಡನ್ನು ಬಡಿಯುತ್ತವೆ, ಧೂಳು ಕೆಳಗಿನ ತೊಟ್ಟಿಗೆ ಬೀಳುತ್ತದೆ. ಬಹಳ ಚೆಂದದ ಯಂತ್ರ. ಕರೆಂಟು ನಿಂತರೆ ಧೂಳು ಸೀದಾ ಮೇಲೆ ಹೋಗಿ ಊರ ಮೇಲೆ ಬೀಳುತ್ತದೆ.

ಅದನ್ನು ಎರಡನೇ ಪಾಳಿಯಲ್ಲಿ ನಿಲ್ಲಿಸುತ್ತಿದ್ದೆವು. ಮೊದಲು ನಾನು, ಆಮೇಲೆ ನಿನ್ನ ಅಪ್ಪ. ನಿಲ್ಲಿಸು ಎಂದು ನಮಗೆ ಹೇಳಿದವರು ಬೇರೆ. ಅವನಿಗೆ ಅದನ್ನು ಕಲಿಸಿದವನು ನಾನು. ನಾನು ಕಲಿಸದಿದ್ದರೆ ಅವನು ಮಾಡುತ್ತಿರಲಿಲ್ಲ. ಆಗಲೇ ನಾನು ಬಾಯಿ ಬಿಟ್ಟಿದ್ದರೆ ನೀನು ಹುಟ್ಟುವ ಮೊದಲೇ ಅದು ನಿಂತುಹೋಗುತ್ತಿತ್ತೋ ಏನೋ, ನಿನ್ನ ಹುಳಗಳಿಗೆ ಸಂಜೆಯವರೆಗೂ ಬಿಸಿಲು ಸಿಗುತ್ತಿತ್ತು. ನಿಮ್ಮ ಮನೆಗೆ ಆದದ್ದೆಲ್ಲ ದೊಡ್ಡವರಾದ ನಮ್ಮಿಂದ ಆದದ್ದು. ಅದರಲ್ಲಿ ನಿನ್ನ ಪಾಲು ಒಂದಿಷ್ಟೂ ಇಲ್ಲ.

ನಿನ್ನ ಟೀಚರ್ ನಿನಗೆ ಅಳತೆ ತಪ್ಪು ಎಂದು ಹೇಳಿದ್ದು ಹೆದರಿಕೆಯಿಂದ. ನಿನ್ನ ಮನೆ ಉಳಿಯದೆ ಹೋದೀತೆಂದು ಹೆದರಿದಳು. ಸಾಧ್ಯವಾದರೆ ಅವಳನ್ನು ಕ್ಷಮಿಸು. ನನ್ನನ್ನು ಕ್ಷಮಿಸಬೇಕಾಗಿಲ್ಲ.

ಈ ಕಾಗದದಿಂದ ನಿನ್ನ ಅಪ್ಪನ ಕೆಲಸ ವಾಪಸು ಬರುವುದಿಲ್ಲ. ಇದನ್ನು ಯಾರಿಗೆ ತೋರಿಸಿದರೂ ಏನೂ ಆಗುವುದಿಲ್ಲ, ನಾನು ತೋರಿಸಿ ನೋಡಿದ್ದೇನೆ. ಓದಿದ ಮೇಲೆ ನಿನಗೆ ಹಗುರವಾಗುತ್ತದೋ ಭಾರವಾಗುತ್ತದೋ ಅದೂ ನನಗೆ ತಿಳಿಯದು. ಆದರೂ ತಪ್ಪು ಹುಡುಕುತ್ತಾ ನೀನು ಇನ್ನೊಂದು ಸಲ ಆ ನೋಟುಪುಸ್ತಕ ತೆರೆಯಬಾರದೆಂದು ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷ ನಾನು ಪುಸ್ತಕದಲ್ಲಿ ಬರೆದದ್ದು ಸುಳ್ಳು. ನಲವತ್ತು ದಿನ ನೀನು ಬರೆದದ್ದು ನಿಜ.

ಗಡಿಯಾರ ಸರಿಯಾಗಿಯೇ ಇತ್ತು, ಪುಟ್ಟಿ.

ಇತಿ,
ನಿನ್ನ ಟೀಚರ ಅಪ್ಪ